ಬರೇ ಮುನ್ನೂರು ಕಾಪಿ ಒತ್ತಿದ ಟೆಕ್ನೋ ರೆಕಾರ್ಡ್ ಬೆಳಗಾವಿಗೆ ತರಿಸಿ ಸರಿಯಾಗಿ ಬಾರಿಸೋದು ಹೆಂಗ

ಬೆಳಗಾವಿ, ಬಾಗಲಕೋಟಿ, ವಿಜಯಪುರ ಕಡೆ ಟೆಕ್ನೋ, ಇಲೆಕ್ಟ್ರೋ (ಮಷಿನ್ನಿಲೆ ಮಾಡಿದ ಕುಣಿಯೋ ಸಂಗೀತ) ಕೇಳೋರು ಈಗ ಬರೋಬ್ಬರಿ ಅದಾರ, ಚೋರ್ಲಾ ಘಾಟ್ ಇಳದು ಗೋವಾಕ್ಕ ಹೋಗಿ ಕೇಳಿ ಬಂದವರು ಕೆಲವ್ರು, ಫೋನ್‌ನ್ಯಾಗ ಮಿಕ್ಸ್ ಕೇಳಿ ಹುಚ್ಚು ಹಿಡಿಸಿಕೊಂಡವರು ಕೆಲವ್ರು, ಆದ್ರ ರೆಕಾರ್ಡ್ ತರಿಸೋ ಮಾತು ಬಂದ್ರ ಸಾಕು "ಅದೆಲ್ಲಾ ಬೆಂಗಳೂರು ಮುಂಬೈದವರ ಕೆಲಸ ಬಿಡೋ ದೋಸ್ತಾ" ಅಂತಾರ. ಹಂಗೇನೂ ಇಲ್ರಿ. ಬರ್ಲಿನ್‌ನಿಂದ ಬರೋ ಪಾರ್ಸಲ್‌ಗೆ ಬೆಳಗಾವಿ ಟಿಳಕವಾಡಿನೂ ಒಂದ, ಬೆಂಗಳೂರು ಇಂದಿರಾನಗರನೂ ಒಂದ. ಕೆಲಸ ಒಂದರ ಹಿಂದ ಒಂದು ಸರಿಯಾದ ಕ್ರಮದಾಗ ಮಾಡಬೇಕು ಅಷ್ಟ. ಆ ಕ್ರಮ ಇಲ್ಲಿ ಬರದೀನಿ, ಎಲ್ಲಿ ರೊಕ್ಕ ಹಾಳಾಗೋ ಸಂಭವ ಹೆಚ್ಚೈತೋ ಅಲ್ಲಿ ಜರಾ ಉದ್ದ ಬರದೀನಿ.

ಮೊದ್ಲು ಇದು ಯಾವ ನಮೂನಿ ರೆಕಾರ್ಡ್ ಅಂತ ತಿಳ್ಕೋರಿ. ಹನ್ನೆರಡು ಇಂಚಿನ ಇಪಿ, ಅಂದ್ರ ಎರಡೂ ಸೈಡ್ ಸೇರಿ ಮೂರ್ನಾಲ್ಕು ಟ್ರ್ಯಾಕಿನ ರೆಕಾರ್ಡ್, ನಡುವ ತೂತಿರೋ ಕರೇ ಕವರ್, ಪ್ಲೇಟಿನ ನಡುವಿನ ಕಾಗದದ ಲೇಬಲ್ ಮ್ಯಾಲ ಕೈಲೆ ಒತ್ತಿದ ರಬ್ಬರ್ ಸ್ಟಾಂಪ್, ಎಷ್ಟೋ ಸಲ ಕಲಾವಿದನ ಹೆಸರೂ ಇರಂಗಿಲ್ಲ. ಒರಟ ಸಂಗೀತ ಇದು. ಟೆಕ್ನೋದಾಗ ಕಿಕ್ (ದಪ್ಪ ಡ್ರಮ್ಮಿನ ಹೊಡ್ತ) ನಾಲ್ಕೂ ಮಾತ್ರಿಗೆ ಒಂದ ಸಮ ಬೀಳ್ತೈತಿ, ಇಲೆಕ್ಟ್ರೋದಾಗ ಕಿಕ್ ಜಾಗಾ ಬಿಟ್ಟು ಜಾಗಾದಾಗ ಬೀಳ್ತೈತಿ, ಹೋಳಿ ಹುಣ್ವಿಗೆ ಬಾಗಲಕೋಟ್ಯಾಗ ಓಣಿ ಓಣಿ ಹಲಗಿ ಬಡಿಯೋದು ಕೇಳಿದವರಿಗೆ ಆ ಮುರಕು ತಾಳ ಮೈಗೆ ತಟ್ಟನ ಹತ್ತತೈತಿ. ಎರಡರ ಬೇರೂ ಅಮೆರಿಕಾದ ಡೆಟ್ರಾಯಿಟ್‌ನ್ಯಾಗ ಗಟ್ಟಿ ಅದಾವ. ಜಪಾನಿನ ರೋಲ್ಯಾಂಡ್ ಕಂಪನಿ 1980ರಾಗ 808, 1983ರಾಗ 909 ಡ್ರಮ್ ಮಷಿನ್ ತಂತು, ಆಗ ಅವು ಹೇಳ್ಕೊಳ್ಳೋಹಂಗ ನಡೀಲಿಲ್ಲ, ಸೆಕೆಂಡ್ ಹ್ಯಾಂಡ್ ಅಗ್ಗ ಸಿಕ್ಕವು, ಅದಕ್ಕ ಕೈಯಾಗ ರೊಕ್ಕ ಇಲ್ಲದ ಹುಡುಗರ ಕೈಗೂ ಬಂದವು. ಹುವಾನ್ ಅಟ್ಕಿನ್ಸ್‌ನಂಥವ್ರು ದಾರಿ ಹಾಕಿದ್ರು, 1990ರ ಸುಮಾರಿಗೆ ಮೈಕ್ ಬ್ಯಾಂಕ್ಸ್ ಮತ್ತ ಜೆಫ್ ಮಿಲ್ಸ್ ಅವರ ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್ ಅದನ್ನ ಇನ್ನಷ್ಟು ಬಿರುಸು ಮಾಡ್ತು, ಜೇಮ್ಸ್ ಸ್ಟಿನ್ಸನ್ ಮತ್ತ ಜೆರಾಲ್ಡ್ ಡೊನಾಲ್ಡ್ ಡ್ರೆಕ್ಸಿಯಾ ಅನ್ನೋ ಹೆಸರಿಲೆ ಇಲೆಕ್ಟ್ರೋಕ್ಕ ಒಂದು ಸಮುದ್ರದ ತಳಾನ ಕಟ್ಟಿಕೊಟ್ರು. ಅತ್ಲಾಗ ನೆದರ್ಲ್ಯಾಂಡ್ಸ್‌ನ ಹೇಗ್ ಊರಾಗ 1992ರಿಂದ ಬಂಕರ್ ಅನ್ನೋ ಲೇಬಲ್ (ರೆಕಾರ್ಡ್ ತರೋ ಸಂಸ್ಥೆ) ಗಡಸು ಆ್ಯಸಿಡ್ (ಕಿರಿಚೋ ಬಾಸಿನ ಟೆಕ್ನೋದಂಥ ಸಂಗೀತ) ಮತ್ತ ಇಲೆಕ್ಟ್ರೋ ಒತ್ತಾಕತ್ತು.

ನಮ್ಮ ಕಡೆಗೂ ಇದರ ನಂಟು ಐತಿ. ರೋಲ್ಯಾಂಡ್‌ನ 808 ಮತ್ತ 303 ಅನ್ನೋ ಬಾಸ್ ಮಷಿನ್ ಎರಡೂ ಇಟ್ಕೊಂಡು ರಾಗಗಳನ್ನ ಬಾರಿಸಿ ಸಿನಿಮಾ ಸಂಗೀತಗಾರ ಚರಣ್‌ಜೀತ್ ಸಿಂಗ್ 1982ರಾಗ ಮುಂಬೈಯಾಗ ಎಚ್‌ಎಂವಿಗೆ ರೆಕಾರ್ಡ್ ಮಾಡಿದ್ರು, ಆವಾಗ ಯಾರೂ ಕಿವಿ ಕೊಡ್ಲಿಲ್ಲ, 2010ರಾಗ ಒಂದು ಡಚ್ ಲೇಬಲ್ ಮತ್ತ ಒತ್ತಿದ ಮ್ಯಾಲ ಜಗತ್ತಿಗೆಲ್ಲಾ ಗೊತ್ತಾತು. ಕಡಿಮಿ ಕಾಪಿ ಇರೋ ಪ್ಲೇಟ್ ಒಂದೊಂದು ಮನ್ಯಾಗ ಉಳದ್ರ ಏನಾಗತೈತಿ ಅನ್ನೋದಕ್ಕ ಇದಕಿಂತ ಚಲೋ ಉದಾಹರಣಿ ನನಗ ಗೊತ್ತಿಲ್ಲ.

ಮುನ್ನೂರ ಯಾಕ, ಸಾವಿರ ಯಾಕ ಇಲ್ಲ ಅಂದ್ರ, ಹಾಡನ್ನ ಮೊದ್ಲು ಲ್ಯಾಕರ್ ಅನ್ನೋ ಮೆತ್ತನ ತಟ್ಟಿ ಮ್ಯಾಲ ಲೇಥ್ ಮಷಿನ್ನಿಲೆ ಕೆತ್ತತಾರ, ಅದಕ್ಕ ಲೋಹ ಹತ್ತಿಸಿ ಅಚ್ಚು ತಗಿತಾರ, ಆ ಅಚ್ಚಿನಿಂದ ಬಿಸಿ ಪಿವಿಸಿ ಒತ್ತತಾರ. ನೂರು ಕಾಪಿ ಒತ್ರಿ ಸಾವಿರ ಒತ್ರಿ, ಕೆತ್ತೋ ಖರ್ಚು ಅಚ್ಚಿನ ಖರ್ಚು ಅಷ್ಟ. ಮನ್ಯಾಗಿಂದ ಲೇಬಲ್ ನಡಸೋ ಒಬ್ರೋ ಇಬ್ರೋ ಮಂದಿ ಇದನ್ನೆಲ್ಲಾ ಕೈಯಿಂದ ಹಾಕ್ತಾರ, ಮಾರಾಟ ಆಗದ ಉಳದ ಡಬ್ಬಿಗಳು ಅವರ ಮಂಚದ ಕೆಳಗ ಬೀಳ್ತಾವ, ಅದಕ್ಕ ಎಷ್ಟು ಹೊಕ್ಕಾವೋ ಅಷ್ಟ ಒತ್ತತಾರ. ಇದರ ಮ್ಯಾಲ 2020ರ ಫೆಬ್ರುವರಿಯಾಗ ಕ್ಯಾಲಿಫೋರ್ನಿಯಾದ ಅಪೋಲೋ ಮಾಸ್ಟರ್ಸ್ ಕಾರ್ಖಾನಿ ಸುಟ್ಟು ಹೋತು, ಜಗತ್ತಿನ ಲ್ಯಾಕರ್‌ನ್ಯಾಗ ದೊಡ್ಡ ಪಾಲು ಅಲ್ಲೇ ಆಗ್ತಿತ್ತು, ಸಣ್ಣ ಲೇಬಲ್‌ಗಳು ತಿಂಗಳಾನುಗಟ್ಟಲೆ ಕ್ಯೂದಾಗ ನಿಂತವು. ಹಿಂಗಾಗಿ "ಲಿಮಿಟೆಡ್" ಅಂತ ಬರದಿದ್ರ ಎಲ್ಲಾ ಸಲ ಅದು ಆಸೆ ಹಚ್ಚೋ ವ್ಯಾಪಾರ ಅಂತ ತಿಳ್ಕೋಬ್ಯಾಡ್ರಿ.

ಆರ್ಡರ್ ಮಾಡೋಕಿಂತ ಮೊದ್ಲು

ಕ್ಲಿಪ್ ಕೇಳಿ ರೊಕ್ಕ ಹಾಕಬ್ಯಾಡ್ರಿ. ಒಂದೂವರಿ ನಿಮಿಷದ ಕ್ಲಿಪ್‌ನ್ಯಾಗ ಎಲ್ಲಾ ಟ್ರ್ಯಾಕೂ ಭಾರೀನ ಅನಸ್ತಾವ. ಬ್ಯಾಂಡ್‌ಕ್ಯಾಂಪ್ ಅನ್ನೋ ಸಂಗೀತ ಮಾರೋ ವೆಬ್‌ಸೈಟಿನ್ಯಾಗ ಪೂರಾ ಕೇಳಾಕ ಬಿಟ್ಟಿರ್ತಾರ, ಕೆಲವ್ರು ಬರೇ ರೆಕಾರ್ಡ್ ಕೊಡ್ತಾರ ಡಿಜಿಟಲ್ ಕೊಡಂಗಿಲ್ಲ, ಅಂಥದ್ದಿದ್ರ ಆ ಲೇಬಲ್‌ದ ಹಳೇ ರಿಲೀಸ್ ಕೇಳಿ ಅವರ ಕಿವಿ ನಮ್ಮ ಕಿವಿ ಕೂಡತೈತೇನು ನೋಡ್ರಿ. ಆಮ್ಯಾಲ ವಿವರ ಓದ್ರಿ: 45 ಆರ್‌ಪಿಎಂ (ನಿಮಿಷಕ್ಕ ಎಷ್ಟು ಸುತ್ತು) ಏನು 33 ಏನು, ಒಂದು ಸೈಡಿಗೆ ಎಷ್ಟು ನಿಮಿಷ, ಕರೇ ವಿನೈಲ್ ಏನು ಬಣ್ಣದ್ದೇನು, ಈಗ ಕೈಯಾಗ ಐತೋ ಪ್ರೀ-ಆರ್ಡರೋ. ಪ್ರೀ-ಆರ್ಡರ್ ತಾರೀಖು ಮುಂದ ಹೋಗೋದು ಮಾಮೂಲಿ. ನನ್ನ ಪ್ರಕಾರ ಒರಟ ಟೆಕ್ನೋಕ್ಕ ಹನ್ನೆರಡು ಇಂಚು 45ರಾಗ, ಸೈಡಿಗೆ ಒಂದ ಅಥವಾ ಎರಡು ಟ್ರ್ಯಾಕ್ ಇದ್ದದ್ದ ಬೆಸ್ಟ್. ಗ್ರೂವ್ (ಮುಳ್ಳು ಓಡೋ ಗೆರಿ) ಅಗಲ ಇದ್ರ ಕಿಕ್ ದಪ್ಪ ಕುಂದ್ರತೈತಿ, ಒಂದು ಸೈಡಿಗೆ ಇಪ್ಪತ್ತು ನಿಮಿಷ ತುರುಕಿದ್ರ ಸೌಂಡ್ ಇಳಿಸಲೇಬೇಕಾಕ್ಕೈತಿ. 180 ಗ್ರಾಂ ಅಂತ ದೊಡ್ಡದಾಗಿ ಬರದಿದ್ರ ಅದಕ್ಕ ಮರುಳಾಗಬ್ಯಾಡ್ರಿ, 140 ಗ್ರಾಂ ಪ್ಲೇಟ್ ಚಲೋ ಕೆತ್ತಿದ್ರ ಅದ ಗೆಲ್ಲತೈತಿ, ಮ್ಯಾಲ ನಮಗ ಪೋಸ್ಟ್ ಖರ್ಚಿನ್ಯಾಗ ಆ ಗ್ರಾಂ ಲೆಕ್ಕಕ್ಕ ಬರ್ತಾವ.

ರಿಲೀಸ್ ಟೈಮ್ ಬರ್ಲಿನ್ ಗಡಿಯಾರದ್ದು ಕೊಟ್ಟಿರ್ತಾರ. ಅಲ್ಲಿ ಸಂಜಿ 6 ಅಂದ್ರ ನಮಗ ಬ್ಯಾಸಿಗ್ಯಾಗ ರಾತ್ರಿ 9:30, ಚಳಿಗಾಲದಾಗ 10:30, ಅವರು ಗಡಿಯಾರ ಹಿಂದಮುಂದ ಮಾಡ್ತಾರಲ್ಲ ಅದಕ್ಕ. ಕಾರ್ಡ್ ಮುಂಜಾನೇನ ರೆಡಿ ಮಾಡ್ಕೋರಿ. 2020ರ ಅಕ್ಟೋಬರ್‌ನಿಂದ ಆರ್‌ಬಿಐ ನಿಯಮದ ಪ್ರಕಾರ ಹೊಸ ಕಾರ್ಡ್ ದೇಶದ ಹೊರಗ ತಾನಾಗಿ ಚಾಲೂ ಇರಂಗಿಲ್ಲ, ಬ್ಯಾಂಕಿನ ಆ್ಯಪ್‌ನ್ಯಾಗ ಹೋಗಿ ಇಂಟರ್‌ನ್ಯಾಷನಲ್ ಅನ್ನೋದು ಆನ್ ಮಾಡಿ ಲಿಮಿಟ್ ಹಾಕಬೇಕು, ಕೆಲಸ ಮುಗದ ಮ್ಯಾಲ ಆಫ್ ಮಾಡ್ರಿ. ಮುನ್ನೂರು ಕಾಪಿ ಖಾಲಿ ಆಗಾಕ ಭಾಳ ಹೊತ್ತು ಬೇಕಾಗಂಗಿಲ್ಲ, ಓಟಿಪಿ ಹುಡುಕೋ ಹೊತ್ತಿಗೆ ಮುಗದಿರ್ತೈತಿ.

ಸಿಗಲಿಲ್ಲ ಅಂದ್ರ? ಇಲ್ಲೇ ಭಾಳ ಮಂದಿ ದುಡುಕತಾರ, ಅದ ರಾತ್ರಿ ಡಿಸ್ಕಾಗ್ಸ್ ಅನ್ನೋ ಸೆಕೆಂಡ್ ಹ್ಯಾಂಡ್ ರೆಕಾರ್ಡ್ ಮಾರೋ ವೆಬ್‌ಸೈಟಿಗೆ ಹೋಗಿ ಮೂರು ಪಟ್ಟು ರೇಟಿಗೆ ತಗೊಂಡು ಬಿಡ್ತಾರ. ತಡೀರಿ. ಲೇಬಲ್ ತನ್ನ ಕಡೆ ಇಟ್ಟ ಕಾಪಿ ಬ್ಯಾರೆ, ಡಿಸ್ಟ್ರಿಬ್ಯೂಟರ್ ಮೂಲಕ ಅಂಗಡಿಗೆ ಹೋಗೋ ಕಾಪಿ ಬ್ಯಾರೆ. ಬರ್ಲಿನ್‌ನ ಹಾರ್ಡ್ ವ್ಯಾಕ್ಸ್ 1989ರಿಂದ ಇದ ಸಂಗೀತ ಮಾರಾಕತ್ತೈತಿ, ರಾಟರ್‌ಡ್ಯಾಮ್‌ನ ಕ್ಲೋನ್ ಐತಿ, ಲಂಡನ್‌ನ ಜೂನೋ ಐತಿ, ಲೇಬಲ್ ಪೇಜಿನ್ಯಾಗ ಸೋಲ್ಡ್ ಔಟ್ ಆದ ಎಷ್ಟೋ ದಿನದ ಮ್ಯಾಲ ಅಂಗಡಿಗೆ ಡಬ್ಬಿ ಬರೋದು ಮಾಮೂಲಿ. ಅಲ್ಲಿ ಸ್ಟಾಕ್ ಬಂದ್ರ ಹೇಳ್ರಿ ಅಂತ ಅಲರ್ಟ್ ಹಾಕಿ ಬಿಡ್ರಿ. ಲೇಬಲ್‌ಗೂ ಒಂದು ಮೇಲ್ ಹಾಕ್ರಿ, ಮಿಕ್ಕಿದ್ದು ವಾಪಸ್ ಬಂದದ್ದು ಇದ್ರ ಖರೇನ ಪ್ರೀತಿಲೆ ಕೊಡ್ತಾರ, ಕರ್ನಾಟಕದ ಉತ್ತರ ಭಾಗದಾಗೊಬ್ರು ತಮ್ಮ ಪ್ಲೇಟ್ ಹುಡಕಾಕತ್ತಾರ ಅಂದ್ರ ಅವ್ರಿಗೂ ಖುಷಿ ಆಗತೈತಿ. ಇಷ್ಟೂ ಮಾಡಿ ಸಿಗಲಿಲ್ಲ ಅಂದ್ರ ಡಿಸ್ಕಾಗ್ಸ್ ನೋಡ್ರಿ, ಅಲ್ಲಿ ಹಿಂದ ಎಷ್ಟಕ್ಕ ಹೋಗೈತಿ ಅನ್ನೋ ಕಡಿಮಿ, ನಡುವಿನ, ಹೆಚ್ಚಿನ ರೇಟ್ ಮೂರೂ ಕಾಣಸ್ತಾವ, ನಡುವಿನದಕ್ಕ ಹತ್ತಿರ ಇದ್ರ ಅಷ್ಟ ಕೈ ಹಾಕ್ರಿ. ಗ್ರೇಡ್‌ನ್ಯಾಗ (ಪ್ಲೇಟ್ ಎಷ್ಟು ಚಲೋ ಐತಿ ಅನ್ನೋ ದರ್ಜೆ) ವಿಜಿ ಪ್ಲಸ್ ಅಂದ್ರ ವೆರಿ ಗುಡ್ ಪ್ಲಸ್‌ಕಿಂತ ಕೆಳಗ ಇಳಿಬ್ಯಾಡ್ರಿ, ಮತ್ತ ನಡುವಿನ ಕಾಗದದ ಲೇಬಲ್ ಪಕ್ಕದ ಖಾಲಿ ಜಾಗಾದಾಗ ಕೆತ್ತಿದ ಮ್ಯಾಟ್ರಿಕ್ಸ್ ನಂಬರಿನ ಫೋಟೋ ಕೇಳ್ರಿ, ಮೊದಲನೇ ಒತ್ತೋ ಎರಡನೇ ಒತ್ತೋ ಗೊತ್ತಾಗೋದು ಅದರಿಂದ.

ಪಾರ್ಸಲ್ ದಾರಿ

ಒಂದ ಪ್ಲೇಟ್ ತರಿಸಿದ್ರ ಪೋಸ್ಟ್ ಖರ್ಚು ಪ್ಲೇಟಿನ ರೇಟನ್ನೂ ದಾಟತೈತಿ. ಅದಕ್ಕ ಕೂಡಿ ತರಸ್ರಿ. ಬೆಳಗಾವ್ಯಾಗ ಇಬ್ರು, ಬಾಗಲಕೋಟ್ಯಾಗೊಬ್ರು, ವಿಜಯಪುರದಾಗೊಬ್ರು ಸೇರಿ ಒಂದ ಅಂಗಡಿಯಿಂದ ನಾಲ್ಕೈದು ಪ್ಲೇಟ್ ಹಾಕಿದ್ರ ಪ್ರತಿಯೊಬ್ರ ಪಾಲು ಬರೋಬ್ಬರಿ ಇಳಿತೈತಿ, ಯಾಕಂದ್ರ ಅವರು ತೂಕದ ಹಂತದ ಮ್ಯಾಲ ರೊಕ್ಕ ಹಿಡಿತಾರ, ಪ್ಲೇಟಿನ ಲೆಕ್ಕಕ್ಕಲ್ಲ. ಆಮ್ಯಾಲ ಬಸ್ಸಿನ್ಯಾಗ ಹೋಗಿ ಬರೋರ ಕೈಯಾಗ ಹಂಚ್ಕೊಳ್ಳೋದು.

ಆರ್ಡರ್ ಜೋಡಿ ಒಂದು ಸಾಲು ಬರೀರಿ: ಪ್ಲೇಟನ್ನ ಕವರ್‌ನಿಂದ ಹೊರಗ ತಗದು ಕವರಿನ ಹಿಂದ ಇಡ್ರಿ, ಎರಡೂ ಬಾಜೂ ಗಟ್ಟಿ ರಟ್ಟು ಹಾಕ್ರಿ, ಎಲ್ಲಾ ಸೇರಿಸಿ ಪ್ಲಾಸ್ಟಿಕ್‌ನ್ಯಾಗ ಸುತ್ತಿ ಡಬ್ಬಿಗೆ ಹಾಕ್ರಿ. ಮೊದಲನೇದು ಯಾಕಂದ್ರ ದಾರ್ಯಾಗ ಡಬ್ಬಿ ಎತ್ತಿ ಒಗದಾಗ ಒಳಗಿನ ಪ್ಲೇಟ್ ಕವರಿನ ಅಂಚು ಸೀಳತೈತಿ. ಕಡೀದು ಯಾಕಂದ್ರ ಜುಲೈ ತಿಂಗಳ ಬೆಳಗಾವಿ ಮಳಿ ನಿಮಗ ಗೊತ್ತೈತಿ, ಅವರಿಗೆ ಗೊತ್ತಿಲ್ಲ. ಟ್ರ್ಯಾಕಿಂಗ್ ಇಲ್ಲದ ಪೋಸ್ಟ್ ಅಗ್ಗ ಅಂತ ತಗೋಬ್ಯಾಡ್ರಿ. ಫೋನ್ ನಂಬರ್, ಪಿನ್ ಕೋಡ್ ಸರಿ ಬರೀರಿ, "ಮಾರುತಿ ಗುಡಿ ಹತ್ರ" ಅನ್ನೋದು ಇಲ್ಲಿನ ಪೋಸ್ಟ್‌ಮನ್ ಕಾಕಾಗ ಭಾಳ ಉಪಯೋಗ ಆಗತೈತಿ, ಬಿಡಬ್ಯಾಡ್ರಿ.

ಕಸ್ಟಮ್ಸ್ ಸುಂಕ ಬರ್ತೈತಿ, ಬರಂಗಿಲ್ಲ ಅಂತ ತಿಳ್ಕೊಂಡು ಬಜೆಟ್ ಹಾಕಬ್ಯಾಡ್ರಿ. ಮಾಲಿನ ಬೆಲಿ ಮ್ಯಾಲ ಅಷ್ಟ ಅಲ್ಲ, ಸಾಗಾಣಿ ಖರ್ಚು ಸೇರಿಸಿ ಲೆಕ್ಕ ಹಿಡಿತಾರ, ದರ ಬಜೆಟ್ ಬಂದಾಗೊಮ್ಮೆ ಬದಲಾಗಬಹುದು, ಆರ್ಡರ್ ಮಾಡೋ ದಿನ ಚಾಲೂ ದರ ನೋಡ್ರಿ. ಸರಕಾರಿ ಪೋಸ್ಟಿನ್ಯಾಗ ಬಂದ್ರ ಸುಂಕ ಮನಿ ಬಾಗಲದಾಗೋ ಪೋಸ್ಟ್ ಆಫೀಸಿನ್ಯಾಗೋ ಕಟ್ಟಿಸಿಕೋತಾರ, ಪ್ರೈವೇಟ್ ಕೊರಿಯರ್‌ನ್ಯಾಗ ಬಂದ್ರ ಕೆವೈಸಿ ಕಾಗದ ಕೇಳ್ತಾರ, ಮ್ಯಾಲ ತಮ್ಮ ಸರ್ವಿಸ್ ಚಾರ್ಜೂ ಹಾಕ್ತಾರ. ನನಗ ಪೋಸ್ಟ್ ಸೇರತೈತಿ, ತಡಾ ಆದ್ರೂ ನಡಿತೈತಿ. ಬೆಲಿ ಕಡಿಮಿ ಬರೀರಿ ಅಂತ ಲೇಬಲ್‌ನವ್ರಿಗೆ ಕೇಳಬ್ಯಾಡ್ರಿ, ಅದು ಸುಳ್ಳು ಡಿಕ್ಲರೇಶನ್ ಆಗತೈತಿ, ಮ್ಯಾಲ ಪಾರ್ಸಲ್ ಕಳದ್ರ ಸಿಗೋ ಪರಿಹಾರನೂ ಆ ಕಡಿಮಿ ಬೆಲಿದ ಲೆಕ್ಕಕ್ಕ.

ಡಬ್ಬಿ ಬಂತಂದ್ರ ಕೂಡಲೇ ಹರೀಬ್ಯಾಡ್ರಿ. ಏಪ್ರಿಲ್ ಮೇ ತಿಂಗಳದಾಗ ವಿಜಯಪುರದಾಗ 40 ಡಿಗ್ರಿ ದಾಟಿರ್ತೈತಿ, ಗಾಡಿಯೊಳಗ ಇನ್ನೂ ಹೆಚ್ಚು, ರೆಕಾರ್ಡಿನ ಪಿವಿಸಿ 60 ಡಿಗ್ರಿ ಸುಮಾರಿಗೆ ಮೆತ್ತಗಾಗಾಕ ಹತ್ತತೈತಿ. ನೆಲದ ಮ್ಯಾಲ ಸಪಾಟ ಇಟ್ಟು ಒಂದು ರಾತ್ರಿ ತಣ್ಣಗಾಗಾಕ ಬಿಡ್ರಿ, ಮರುದಿನ ವಿಡಿಯೋ ಮಾಡ್ಕೋತ ಬಿಚ್ರಿ. ಸೊಟ್ಟ ಇದ್ರ, ಸೀಳಿದ್ರ ಅವತ್ತ ಅಂಗಡಿಗೆ ವಿಡಿಯೋ ಕಳಸ್ರಿ.

ಬಾರಿಸೋದು

ಇಷ್ಟು ಕಷ್ಟಪಟ್ಟು ತರಿಸಿ ಸೂಟ್‌ಕೇಸ್ ಆಕಾರದ ಅಗ್ಗದ ಪ್ಲೇಯರ್ ಮ್ಯಾಲ ಹಾಕಬ್ಯಾಡ್ರಿ ದೇವರಾಣಿ. ಅವುಗಳ ಮುಳ್ಳು ಭಾರ ಹೆಚ್ಚು, ತೋಳು ಹಗುರ, ಜೋರಾಗಿ ಕೆತ್ತಿದ ಕಿಕ್ ಬಂದಾಗ ಮುಳ್ಳು ಜಿಗಿತೈತಿ. ಡೈರೆಕ್ಟ್ ಡ್ರೈವ್, ಅಂದ್ರ ಬೆಲ್ಟ್ ಇಲ್ಲದ ಮೋಟರ್ ನೇರ ತಿರುಗಿಸೋ ಪ್ಲೇಯರ್ ತಗೋರಿ. ಟೆಕ್ನಿಕ್ಸ್ 1200ದ ಎಂಕೆ2 1979ರಾಗ ಬಂದದ್ದು, ಕ್ವಾರ್ಟ್ಜ್ ಲಾಕ್ ಇರೋದರಿಂದ ವೇಗ ಅಲ್ಲಾಡಂಗಿಲ್ಲ, ಹೊಸಾದಕ್ಕ ರೊಕ್ಕ ಸಾಲದಿದ್ರ ಆಡಿಯೋ ಟೆಕ್ನಿಕಾದ ಎಲ್‌ಪಿ120 ನಮೂನಿ ಸಾಕಷ್ಟು ಆತು. ಹೊರದೇಶದ ಹಳೇ ಮಷಿನ್ ಯಾರಾರ ಅಗ್ಗ ಕೊಡ್ತೀನಿ ಅಂದ್ರ ಹಿಂದಿನ ತಗಡು ಮೊದ್ಲು ಓದ್ರಿ. ಜಪಾನಿಂದು 100 ವೋಲ್ಟ್, ನಮ್ಮ 230ಕ್ಕ ನೇರ ಹಚ್ಚಿದ್ರ ಸುಟ್ಟು ಹೊಕ್ಕೈತಿ, ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅಮೆರಿಕಾದ ಹಳೇ ಬೆಲ್ಟ್ ಡ್ರೈವ್ ಎಸಿ ಮೋಟರ್ ಇದ್ರ ಟ್ರಾನ್ಸ್‌ಫಾರ್ಮರ್ ಹಾಕಿದ್ರೂ ಸರಿ ಆಗಂಗಿಲ್ಲ, ಅಲ್ಲಿ 60 ಹರ್ಟ್ಜ್ ನಮ್ಮಲ್ಲಿ 50, 33 ತಿರಗಬೇಕಾದ್ದು 28ರ ಹತ್ರ ತಿರಗತೈತಿ.

ಮುಳ್ಳಿನ ಭಾರ ಅಂದಾಜಿಲೆ ಇಡಬ್ಯಾಡ್ರಿ, ಸಣ್ಣ ಡಿಜಿಟಲ್ ತಕ್ಕಡಿ ಸಿಗತೈತಿ. ಆಡಿಯೋ ಟೆಕ್ನಿಕಾ ವಿಎಂ95ಇ ಕಾರ್ಟ್ರಿಜ್‌ಗೆ (ಮುಳ್ಳು ಹಿಡಕೊಂಡಿರೋ ತುದಿ) 2 ಗ್ರಾಂ, ಡಿಜೆ ಕಾರ್ಟ್ರಿಜ್‌ಗಳಿಗೆ 3 ಗ್ರಾಂ ಸುಮಾರು, ತಯಾರ್ ಮಾಡಿದವರು ಏನು ಬರದಾರೋ ಅದ. ಕಡಿಮಿ ಭಾರ ಇಟ್ರ ಪ್ಲೇಟ್ ಉಳಿತೈತಿ ಅನ್ನೋದು ತಪ್ಪು ತಿಳವಳಿಕಿ, ಹಗುರಾದ ಮುಳ್ಳು ಗ್ರೂವಿನ ಗ್ವಾಡಿಗೆ ಬಡಕೋತ ಹೊಕ್ಕೈತಿ, ಒರಟ ಟೆಕ್ನೋದಾಗ ಅದ ಹೆಚ್ಚು ಹಾಳು ಮಾಡತೈತಿ. ಇನ್ನ ಫೋನೋ ಪ್ರೀಆ್ಯಂಪ್: ಮುಳ್ಳಿನಿಂದ ಬರೋದು ಬರೇ ಕೆಲವು ಮಿಲಿವೋಲ್ಟ್, ಮ್ಯಾಲ ಕೆತ್ತುವಾಗ ಬಾಸ್ ಇಳಿಸಿ ಟ್ರೆಬಲ್ ಏರಿಸಿರ್ತಾರ, ಅದನ್ನ ತಿರುಗಿ ಸರಿ ಮಾಡೋದು ಈ ಡಬ್ಬಿ ಕೆಲಸ. ಆ್ಯಂಪಿನ್ಯಾಗ ಫೋನೋ ಅಂತ ಬರದ ಜಾಗಾ ಇದ್ರ ಬ್ಯಾರೆ ಬ್ಯಾಡ, ಎರಡೂ ಒಟ್ಟಿಗೆ ಹಾಕಲೇಬ್ಯಾಡ್ರಿ. ಗುಂಯ್ ಅಂತ ಹಮ್ ಬಂದ್ರ ಅರ್ಥಿಂಗ್ ವೈರ್ ಬಿಚ್ಚಿರ್ತೈತಿ ಇಲ್ಲಾ ಮನಿ ಅರ್ಥಿಂಗ್ ಸರಿ ಇರಂಗಿಲ್ಲ, ಹಳೇ ವಾಡೇದಾಗ ಎರಡನೇದ ಹೆಚ್ಚು, ವೈರಿಂಗ್‌ನವರನ್ನ ಕರದು ಸರಿ ಮಾಡಸ್ರಿ.

ವೇಗದ ಮಾತು. ಈ ಪ್ಲೇಟುಗಳ ಮ್ಯಾಲ ಎಷ್ಟೋ ಸಲ 33 ಏನು 45 ಏನು ಬರದಿರಂಗಿಲ್ಲ, ಮಾತು ಹಾಡು ಇಲ್ಲದ ಸಂಗೀತ, ತಪ್ಪು ವೇಗದಾಗ ಕೇಳಿದ್ರೂ ಏನೋ ಒಂದು ಸರಿ ಅನಸ್ತೈತಿ. ಲೆಕ್ಕ ಸರಳ ಐತಿ, 45ರ ಪ್ಲೇಟ್ 33ರಾಗ ಹಾಕಿದ್ರ 135 ಬಿಪಿಎಂ (ನಿಮಿಷಕ್ಕ ಎಷ್ಟು ಬೀಟ್) ಇದ್ದದ್ದು ಬರೋಬ್ಬರಿ 100ಕ್ಕ ಇಳಿತೈತಿ. ಫೋನಿನ ಬಿಪಿಎಂ ಆ್ಯಪ್ ಹಿಡದು ನೋಡ್ರಿ, ಬಿರುಸು ಟೆಕ್ನೋ 130ರಿಂದ 145ರ ನಡುವ ಬರ್ತೈತಿ. ಸೈಡಿನ ಕಡೀಗೆ ಮುಳ್ಳು ಒಂದ ಸುತ್ತಿನ್ಯಾಗ ಸಿಕ್ಕೊಂಡು ಅದ ಬೀಟ್ ಬಾರಿಸಾಕತ್ರ ಪ್ಲೇಟ್ ಕೆಟ್ಟೈತಿ ಅಂತ ಗಾಬರಿ ಆಗಬ್ಯಾಡ್ರಿ, ಅದು ಬೇಕಂತ ಕೆತ್ತಿದ ಲಾಕ್ಡ್ ಗ್ರೂವ್. 33⅓ರಾಗ ಒಂದು ಸುತ್ತಿಗೆ 1.8 ಸೆಕೆಂಡ್, ಅದರಾಗ ನಾಲ್ಕು ಕಿಕ್ ಕುಂದ್ರಿಸಿದ್ರ 133.3 ಬಿಪಿಎಂ, ಟೆಕ್ನೋದ ಜೀವದ ವೇಗ. ಮಷಿನ್ನಿನ ಸುತ್ತಿಗೂ ಈ ಸಂಗೀತದ ಬೀಟಿಗೂ ಹಿಂಗ ತಾಳೆ ಬೀಳೋದು ನೋಡಿದ್ರ ನನಗ ಈಗೂ ರೋಮಾಂಚನ ಆಗತೈತಿ.

ಒಳಗಿನ ಸುತ್ತಿಗೆ ಬಂದಂಗ ಹೈ-ಹ್ಯಾಟ್ (ತಾಳದಂಥ ಚೂಪು ಸೌಂಡ್) ಸ್ವಲ್ಪ ಕರಕರ ಅನ್ನೋದು ಇರೋದ, ಒಂದ ಸುತ್ತಿನ ಟೈಮಿನ್ಯಾಗ ಹೊರಗಿನ ಅಂಚಿಗಿಂತ ಅರ್ಧದಷ್ಟೂ ದೂರ ಓಡಂಗಿಲ್ಲ ಮುಳ್ಳು, ಅದಕ್ಕ ತಿಳದವರು ಭಾರೀ ಟ್ರ್ಯಾಕ್ ಮೊದ್ಲಿಗೆ ಇಟ್ಟಿರ್ತಾರ. ಎಲಿಪ್ಟಿಕಲ್ (ಅಂಡಾಕಾರ ತುದಿಯ) ಮುಳ್ಳು ಹಾಕಿದ್ರ ಇದು ಭಾಳ ಕಮ್ಮಿ ಆಗತೈತಿ. ಪ್ಲೇಟನ್ನ ಹಿಂದಮುಂದ ಎಳದು ಮಿಕ್ಸ್ ಮಾಡೋರಿದ್ರ ಗೋಲ ಮುಳ್ಳಿನ ಡಿಜೆ ಕಾರ್ಟ್ರಿಜ್ ಹಾಕ್ರಿ.

ಕೋಣಿ ವಿಷಯದಾಗ ನಮ್ಮ ಕಡೆ ಮನಿಗಳು ಅರ್ಧ ಚಲೋ ಅರ್ಧ ತ್ರಾಸು. ಫರಸಿ ಕಲ್ಲಿನ ನೆಲ ಇರೋದರಿಂದ ಯಾರು ಅಡ್ಡಾಡಿದ್ರೂ ಮುಳ್ಳು ಜಿಗಿಯಂಗಿಲ್ಲ, ಆದ್ರ ಕಲ್ಲು ಗ್ವಾಡಿ ಎಲ್ಲಾ ಸೇರಿ ಸೌಂಡ್ ತಿರುಗಿ ಒಗಿತಾವ, 909ರ ಕ್ಲ್ಯಾಪ್ ಕಿವಿಗೆ ಚುಚ್ಚತೈತಿ. ನೆಲಕ್ಕ ಜಮಖಾನಾ ಹಾಸಿ, ಸ್ಪೀಕರ್ ಎದುರಿನ ಗ್ವಾಡಿಗೆ ದಪ್ಪ ಕೌದಿ ಇಳಿಬಿಡ್ರಿ, ವ್ಯತ್ಯಾಸ ಅವತ್ತ ಗೊತ್ತಾಗತೈತಿ. ಟರ್ನ್‌ಟೇಬಲ್ ಮತ್ತ ಸ್ಪೀಕರ್ ಒಂದ ಮೇಜಿನ ಮ್ಯಾಲ ಇಡಬ್ಯಾಡ್ರಿ, ಬಾಸ್ ತಿರುಗಿ ಮುಳ್ಳಿಗೆ ಹೋಗಿ ಗುಡುಗಾಕ ಹತ್ತತೈತಿ.

ತೊಳಿಯೋದು, ಇಡೋದು

ಹೊಸ ಪ್ಲೇಟಿಗೂ ಕಾರ್ಖಾನಿ ಧೂಳು ಇರ್ತೈತಿ. ಬಾರಿಸೋಕಿಂತ ಮೊದ್ಲು ಕಾರ್ಬನ್ ಬ್ರಷ್ ಸಾಕು, ಕೊಳಿ ಹೆಚ್ಚಿದ್ರ ಡಿಸ್ಟಿಲ್ಡ್ ವಾಟರ್ ಮತ್ತ ಮೈಕ್ರೋಫೈಬರ್ ಬಟ್ಟೆ, ಗ್ರೂವಿನ ಗುಂಟ ಸುತ್ತಬೇಕು, ಅಡ್ಡ ಒರಸಬಾರದು. ನಳದ ನೀರು ಬ್ಯಾಡ, ಅದರಾಗಿನ ಸುಣ್ಣ ಗ್ರೂವಿನ್ಯಾಗ ಕುಂತ್ರ ಹೋಗಂಗಿಲ್ಲ. ಕಾಜು ಒರಸೋ ಸ್ಪ್ರೇನೂ ಬ್ಯಾಡ.

ಇಲ್ಲೊಂದು ಎಚ್ಚರಿಕಿ. ನಮ್ಮ ಕಡೆ ಹಳೇ ಮನ್ಯಾಗ ಅಟ್ಟದ ಮ್ಯಾಲ ಅಜ್ಜನ ಕಾಲದ 78ರ ಪ್ಲೇಟ್ ಇನ್ನೂ ಅದಾವ, ನಮ್ಮ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಹಾಡಿದ್ದೂ ಸಿಗಬಹುದು. ಹೊಸ ಟರ್ನ್‌ಟೇಬಲ್ ಬಂತಂದ್ರ ಮನ್ಯಾಗಿನ ಹಿರ್ಯಾರು "ತಮ್ಮಾ ಇದನ್ನೂ ಹಚ್ಚಲ್ಲ" ಅಂತಾರ, ಪ್ರೀತಿಲೆ ಕೇಳ್ತಾರ, ಹಚ್ಚರಿ, ಆದ್ರ ಇದ ಮುಳ್ಳಿಲೆ ಅಲ್ಲ. 78ರ ಗ್ರೂವ್ ಎರಡು-ಮೂರು ಪಟ್ಟು ಅಗಲ, ಅದಕ್ಕ ಬ್ಯಾರೆ ದಪ್ಪ ಮುಳ್ಳು ಬರ್ತೈತಿ, ಮಷಿನ್ನಿಗೂ 78ರ ವೇಗ ಇರಬೇಕು. ಮತ್ತ ಅವು ಅರಗಿನಿಂದ ಮಾಡಿದ್ದು, ಆಲ್ಕೋಹಾಲ್ ಇರೋ ಲಿಕ್ವಿಡ್ ತಗಲಿದ್ರ ಅರಗು ಕರಗತೈತಿ. ವಿನೈಲ್‌ಗೆ ನಡಿಯೋದು ಅದಕ್ಕ ನಡಿಯಂಗಿಲ್ಲ.

ಇಡುವಾಗ ನಿಂದ್ರಿಸಿ ಇಡ್ರಿ, ಒಂದರ ಮ್ಯಾಲ ಒಂದು ಒಟ್ಟಬ್ಯಾಡ್ರಿ. ಒಳಗಿನ ಕಾಗದದ ಕವರ್ ತಗದು ಆ್ಯಂಟಿಸ್ಟ್ಯಾಟಿಕ್ ಪ್ಲಾಸ್ಟಿಕ್ ಕವರ್ ಹಾಕ್ರಿ, ಕಾಗದದ್ದನ್ನ ಒಗಿಬ್ಯಾಡ್ರಿ, ಕೈಲೆ ಸ್ಟಾಂಪ್ ಹೊಡದದ್ದು ಇದ್ರ ಅದೂ ರೆಕಾರ್ಡಿನ ಭಾಗನ. ಬೆಳಗಾವ್ಯಾಗ ಮಳಿಗಾಲದಾಗ ಕಬ್ಬಿಣದ ಕಪಾಟಿನ್ಯಾಗ ಬಾಗಲಾ ಹಾಕಿ ಇಟ್ರ ಕವರಿಗೆ ಬೂಸರು ಹತ್ತತೈತಿ, ಗಾಳಿ ಆಡೋ ರ‍್ಯಾಕ್ ಮಾಡಸ್ರಿ, ಸಿಲಿಕಾ ಜೆಲ್ ಪುಡಕಿ ಇಡ್ರಿ. ವಿಜಯಪುರ, ಬಾಗಲಕೋಟ್ಯಾಗ ಪಡುವಣ ಗ್ವಾಡಿಗೆ ಹಚ್ಚಿ ಇಡಬ್ಯಾಡ್ರಿ, ಸಂಜಿ ಬಿಸಿಲಿಗೆ ಆ ಗ್ವಾಡಿ ರಾತ್ರಿತನಕ ಕಾದಿರ್ತೈತಿ.

ಬಾರಿಸದ ಇಟ್ಟು ರೇಟ್ ಏರಲಿ ಅಂತ ಕಾಯೋರೂ ಅದಾರ. ಆ ಲೇಬಲ್‌ನವ್ರು ಮುನ್ನೂರು ಕಾಪಿ ಒತ್ತಿದ್ದು ಮುನ್ನೂರು ಕೋಣ್ಯಾಗ ಕೇಳಲಿ ಅಂತ, ಅದರಾಗ ಒಂದು ಕೋಣಿ ನಮ್ಮದಾಗಿದ್ರ ವಾರಕ್ಕೊಮ್ಮೆ ಆದ್ರೂ ನಾಲ್ಕು ಮಂದಿನ ಕರದು ಬಾರಸ್ರಿ, ರಾತ್ರಿ ಹತ್ತರೊಳಗ ಮುಗಸ್ರಿ ಅಂದ್ರ ಬಾಜೂ ಮನಿಯವರೂ ಮುಂದಿನ ವಾರ ಬೈಯಂಗಿಲ್ಲ. ಎಷ್ಟು ತಾಸು ಬಾರಿಸಿದ್ರಿ ಅಂತ ಒಂದು ಪಟ್ಟಿ ಬರದಿಡ್ರಿ. ಆಡಿಯೋ ಟೆಕ್ನಿಕಾದವರು ಎಲಿಪ್ಟಿಕಲ್ ಮುಳ್ಳಿಗೆ 300 ತಾಸು, ಗೋಲ ಮುಳ್ಳಿಗೆ 500 ತಾಸು ಅಂತ ಹೇಳ್ತಾರ, ಅದು ದಾಟಿದ ಮ್ಯಾಲ ಸವದ ಮುಳ್ಳು ಗ್ರೂವ್ ಕೆರಿತೈತಿ, ಆ ಪ್ಲೇಟ್ ಮತ್ತ ಸಿಗಂಗಿಲ್ಲ. ಹೊಸ ಮುಳ್ಳಿಗೆ ತೂಕ ಇರಂಗಿಲ್ಲ, ರೆಕಾರ್ಡ್ ಅಂಗಡಿಗಳೂ ಮಾರ್ತಾವ, ಮುಂದಿನ ಸಲ ಎಲ್ಲಾರೂ ಕೂಡಿ ಆರ್ಡರ್ ಹಾಕುವಾಗ ಅದನ್ನೂ ಅದ ಡಬ್ಬಿಯಾಗ ಸೇರಿಸಿಬಿಡ್ರಿ.